ಪಿಕಪ್ ಗಾಡಿಗೆ ಪಿಕಪ್ಪೇ ಇರಲಿಲ್ಲ

ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೆ. ಹಿಂದೆ ಬರೀ ಖಾಲಿ ಕ್ರೇಟು. ಮುಂದೆ ಒಂದು ಟ್ಯಾಂಕರ್ ತೆವಳುತ್ತಿತ್ತು. ಎದುರಿಗೆ ಯಾವ ಗಾಡಿಯೂ ಇಲ್ಲ ಅಂತ ನೋಡಿಕೊಂಡು, ಗೇರ್ ಇಳಿಸಿ ಆಕ್ಸಿಲರೇಟರ್ ಒತ್ತಿದೆ. ಏನೂ ಆಗಲಿಲ್ಲ. ಒಂದು, ಎರಡು ಅಂತ ಎಣಿಸುವಷ್ಟು ಹೊತ್ತು ಎಂಜಿನ್ ಸುಮ್ನೆ ಗೊಣಗಿತು. ಆಮೇಲೆ ಯಾರೋ ಹಿಂದಿನಿಂದ ಒದ್ದ ಹಾಗೆ ಗಾಡಿ ಮುಂದಕ್ಕೆ ಜಿಗಿಯಿತು. ಅಷ್ಟರಲ್ಲಿ ತಿರುವು ಬಂದಿತ್ತು. ಬ್ರೇಕ್ ಒತ್ತಿ ಟ್ಯಾಂಕರ್ ಹಿಂದೆಯೇ ಸೇರಿಕೊಂಡೆ. ಮಾರನಹಳ್ಳಿವರೆಗೂ ಮತ್ತೆ ಓವರ್‌ಟೇಕ್ ಆಸೆ ಮಾಡಲಿಲ್ಲ.

ನಾನು ಹಾಸನದಿಂದ ಮಂಗಳೂರಿಗೆ ತರಕಾರಿ ಹೊಡೆಯುವವನು. ವಾರಕ್ಕೆ ಮೂರು ಟ್ರಿಪ್. ಗಾಡಿ 2018ರದ್ದು, ಬಿಎಸ್4, ನಾಲ್ಕು ಸಿಲಿಂಡರಿನ ಕಾಮನ್ ರೇಲ್ ಡೀಸೆಲ್. ಅಂದರೆ ಹೈ ಪ್ರೆಶರ್ ಪಂಪ್ ಡೀಸೆಲನ್ನು 'ರೇಲ್' ಅನ್ನುವ ಒಂದೇ ಪೈಪಿಗೆ ಒತ್ತಿ ತುಂಬುತ್ತೆ, ಅಲ್ಲಿಂದ ಇಂಜೆಕ್ಟರುಗಳು ಒಂದೊಂದು ಸಿಲಿಂಡರಿಗೂ ಚಿಮ್ಮಿಸುತ್ತವೆ. ಆಗ ಎರಡು ಲಕ್ಷ ಕಿಲೋಮೀಟರ್ ಹತ್ತಿರ ಓಡಿತ್ತು. ನಾನು ಮೆಕ್ಯಾನಿಕ್ ಅಲ್ಲ. ಆದರೆ ಸ್ವಂತ ಗಾಡಿ ಇಟ್ಟುಕೊಂಡವನು ಅರ್ಧ ಮೆಕ್ಯಾನಿಕ್ ಆಗದೆ ಬೇರೆ ದಾರಿ ಇಲ್ಲ.

ಇನ್ನೊಂದು ಕಾಟ ಅಂದರೆ ನಿಂತಲ್ಲಿ ನಡುಕ. ಸಿಗ್ನಲ್‌ನಲ್ಲಿ ನಿಂತರೆ ಗೇರ್ ಲಿವರ್ ಗಡಗಡ ಅನ್ನುತ್ತಿತ್ತು, ಡ್ಯಾಶ್‌ಬೋರ್ಡ್ ಮೇಲಿನ ಗಣಪತಿ ಕುಣಿಯುತ್ತಿದ್ದ. ಆರ್‌ಪಿಎಂ ಮುಳ್ಳು 800ರಲ್ಲಿ ನಿಲ್ಲದೆ 700ಕ್ಕೆ ಇಳಿದು 900ಕ್ಕೆ ಏರುತ್ತಿತ್ತು. ಎರಡೂ ಒಟ್ಟಿಗೆ ಶುರುವಾಗಿದ್ದರಿಂದ ಎರಡಕ್ಕೂ ಕಾರಣ ಒಂದೇ ಅಂದುಕೊಂಡೆ. ಅಲ್ಲೇ ನಾನು ಎಡವಿದ್ದು.

ಮೊದಲು ಡೀಸೆಲ್ ಫಿಲ್ಟರ್ ಬದಲಾಯಿಸಿದೆ. ಹಳೆಯದರ ಕೆಳಗಿನ ತಿರುಪು ಸಡಿಲಿಸಿದಾಗ ಸ್ವಲ್ಪ ನೀರೂ ಬಂತು, ಖುಷಿಯಾಯಿತು. ಎರಡು ದಿನ ಗಾಡಿ ಚೆನ್ನಾಗಿ ಓಡಿತು. ಮೂರನೇ ದಿನ ಮತ್ತೆ ಅದೇ ರಾಗ. ನಮ್ಮ ಮೇಸ್ತ್ರಿ, 'ಇಜಿಆರ್ ಬಿಚ್ಚಿ ನೋಡೋಣ' ಅಂದರು. ಸೈಲೆನ್ಸರ್‌ಗೆ ಹೋಗಬೇಕಾದ ಹೊಗೆಯಲ್ಲಿ ಒಂದು ಪಾಲನ್ನು ವಾಪಸ್ ಎಂಜಿನ್ನಿಗೆ ಬಿಡುವ ವಾಲ್ವ್ ಅದು. ಬಿಚ್ಚಿದರೆ ಒಳಗೆ ಕಪ್ಪು ಮಸಿ, ಗಟ್ಟಿ ಹಲ್ವದ ಹಾಗೆ ಕೂತಿತ್ತು. ವಾಲ್ವ್ ಪೂರ್ತಿ ಮುಚ್ಚುತ್ತಲೇ ಇರಲಿಲ್ಲ. ತೊಳೆದು ಹಾಕಿದ ಮೇಲೆ ಕಪ್ಪು ಹೊಗೆ ನಿಂತಿತು, ನಡುಕ ಕೂಡ ಒಂಚೂರು ಕಮ್ಮಿ ಆಯಿತು. ಆ ದುಡ್ಡು ದಂಡ ಅನ್ನಲಾರೆ. ಆದರೆ ಘಾಟಿಯಲ್ಲಿ ಆ ಎರಡು ಸೆಕೆಂಡಿನ ಸೋಮಾರಿತನ ಹಾಗೇ ಇತ್ತು.

ಪೂರ್ತಿ ದಂಡ ಆಗಿದ್ದು ಏರ್ ಸೆನ್ಸರ್, ಎಂಜಿನ್ನಿಗೆ ಹೋಗುವ ಗಾಳಿ ಅಳೆಯುವಂಥದ್ದು. ಯಾರೋ ಹೇಳಿದರು, ನಾನು ತಂದು ಹಾಕಿಸಿದೆ. ನಾಲ್ಕು ಸಾವಿರದ ಮೇಲೆ ಹೋಯಿತು. ಕೂದಲೆಳೆಯಷ್ಟೂ ವ್ಯತ್ಯಾಸ ಆಗಲಿಲ್ಲ.

ಅವತ್ತು ರಾತ್ರಿ ಡೀಸೆಲ್ ಲೆಕ್ಕದ ಪುಸ್ತಕ ತೆಗೆದು ಕೂತೆ. ಟ್ರಿಪ್ಪು, ಲೀಟರು, ಕಿಲೋಮೀಟರು ಎಲ್ಲ ಬರೆಯುವ ಅಭ್ಯಾಸ ನನಗಿದೆ. ಗಾಡಿ ಕೈಕೊಟ್ಟ ದಿನಗಳ ಪಕ್ಕದಲ್ಲಿ ಒಂದೊಂದು ಗೀಟು ಹಾಕಿದೆ. ಎಲ್ಲವೂ ವಾಪಸ್ ಬರುವಾಗ ಆಗಿದ್ದವು. ಲೋಡ್ ಇಟ್ಟುಕೊಂಡು ಹೋಗುವಾಗ ಒಂದೂ ಇಲ್ಲ. ಬರುವಾಗ ಏರು ಅಲ್ವಾ, ಅದಕ್ಕೇ ಇರಬೇಕು ಅಂದುಕೊಂಡೆ. ಆದರೆ ಒಂದು ಟ್ರಿಪ್‌ನಲ್ಲಿ ಬಿ.ಸಿ. ರೋಡಿನಲ್ಲಿ ಡೀಸೆಲ್ ತುಂಬಿಸಿದ್ದೆ. ಅವತ್ತು ಅದೇ ಘಾಟಿಯನ್ನು ಗಾಡಿ ನೀಟಾಗಿ ಹತ್ತಿತ್ತು. ಮಿಕ್ಕ ದಿನಗಳಲ್ಲಿ ಹಾಸನದಲ್ಲಿ ತುಂಬಿಸಿದ್ದೇ ಕೊನೆ, ಬರುವ ಹೊತ್ತಿಗೆ ಮುಳ್ಳು ಕಾಲು ಟ್ಯಾಂಕಿಗೆ ಇಳಿದಿರುತ್ತಿತ್ತು. ಹಾಗಾದರೆ ದೋಷ ಘಾಟಿಯದ್ದಲ್ಲ, ಟ್ಯಾಂಕಿನ ಕಡೆಯದ್ದು.

ಮಾರನೇ ದಿನ ಸ್ಕ್ಯಾನರ್ ಇರುವ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಪಿ0087 ಅಂತ ಕೋಡ್ ಬಂತು. ರೇಲ್ ಒಳಗಿನ ಡೀಸೆಲ್ ಪ್ರೆಶರ್ ಸಾಲುತ್ತಿಲ್ಲ ಅಂತ ಅದರ ಅರ್ಥ. ಇಷ್ಟಕ್ಕೇ 'ಹೈ ಪ್ರೆಶರ್ ಪಂಪ್ ಹೋಗಿದೆ' ಅನ್ನುವವರು ಬಹಳ ಜನ ಇದ್ದಾರೆ. ಪಂಪಿನ ರೇಟು ಕೇಳಿದರೆ ಊಟ ಸೇರುವುದಿಲ್ಲ. ಎಲೆಕ್ಟ್ರಿಷಿಯನ್ ಒಳ್ಳೆಯವನು. 'ಕೋಡ್ ನೋಡಿ ಹೆದರಬೇಡಿ ಅಣ್ಣ, ಲೈವ್ ಡೇಟಾ ನೋಡಿ' ಅಂದ. ಐಡಲ್‌ನಲ್ಲಿ, ಅಂದರೆ ರೇಸ್ ಕೊಡದೆ ಎಂಜಿನ್ ಸುಮ್ನೆ ಓಡುವಾಗ, ಗಾಡಿಯ ಕಂಪ್ಯೂಟರ್ ಕೇಳುತ್ತಿದ್ದ ಪ್ರೆಶರ್ 300 ಬಾರ್ ಆಸುಪಾಸು, ಸಿಗುತ್ತಿದ್ದದ್ದು 240ರಿಂದ 340ರವರೆಗೆ ಓಲಾಡುತ್ತಿತ್ತು. ತಟ್ಟನೆ ರೇಸ್ ಕೊಟ್ಟರೆ ಕೇಳಿದ್ದು 900, ಬಂದಿದ್ದು 550. ಒಂದು ಕ್ಷಣ ಬಿಟ್ಟು ಒಮ್ಮೆಲೇ ಮೇಲೆ ಹಾರುತ್ತಿತ್ತು. ಘಾಟಿಯಲ್ಲಿ ನನ್ನ ಬೆನ್ನಿಗೆ ಬಿದ್ದ ಒದೆಯನ್ನು ಮೊದಲ ಸಲ ಅಂಕಿಯಲ್ಲಿ ನೋಡಿದೆ.

ಅಲ್ಲೇ ಪೆಡಲ್ ಸೆನ್ಸರನ್ನೂ ನೋಡಿಸಿದೆ. ಈ ಗಾಡಿಗಳಲ್ಲಿ ಆಕ್ಸಿಲರೇಟರ್ ಕೇಬಲ್ ಇಲ್ಲ, ಪೆಡಲ್ ಬುಡದ ಸೆನ್ಸರ್ ಎರಡು ವೋಲ್ಟೇಜ್ ಕಳಿಸುತ್ತೆ. ಒಂದು ಇನ್ನೊಂದರ ಅರ್ಧ ಇರಬೇಕು. ನನ್ನದರಲ್ಲಿ ಕಾಲು ತೆಗೆದಾಗ 0.74 ಮತ್ತು 0.37 ಇತ್ತು. ನಿಧಾನಕ್ಕೆ ಒತ್ತುತ್ತಾ ಹೋದರೆ ಎರಡೂ ಎಲ್ಲೂ ತಡವರಿಸದೆ ಏರಿದವು. ಸರಿ, ಪೆಡಲ್ ನಿರಪರಾಧಿ.

ಈಗ ಪೈಪಿನ ಕಥೆ. ನನ್ನ ಗಾಡಿಯಲ್ಲಿ ಟ್ಯಾಂಕ್ ಒಳಗೆ ಎಲೆಕ್ಟ್ರಿಕ್ ಪಂಪ್ ಇಲ್ಲ. ಎಂಜಿನ್ ಪಕ್ಕದ ಹೈ ಪ್ರೆಶರ್ ಪಂಪಿಗೆ ಅಂಟಿಕೊಂಡಿರುವ ಪುಟ್ಟ ಗೇರ್ ಪಂಪೇ ಟ್ಯಾಂಕಿನಿಂದ ಡೀಸೆಲ್ ಎಳೆದುಕೊಳ್ಳಬೇಕು, ಸ್ಟ್ರಾ ಹಾಕಿ ಎಳನೀರು ಕುಡಿದ ಹಾಗೆ. ಸ್ಟ್ರಾದಲ್ಲಿ ಸೂಜಿಯಷ್ಟು ತೂತಿದ್ದರೆ ಏನಾಗುತ್ತೆ? ಎಳನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಬರುತ್ತೆ. ಕಾಯಿ ತುಂಬಿದ್ದಾಗ ಗೊತ್ತಾಗುವುದಿಲ್ಲ, ತಳ ಕಾಣುವಾಗ ಎಳೆದಷ್ಟೂ ಗಾಳಿಯೇ. ಡೀಸೆಲ್ ಜೊತೆ ಗಾಳಿ ಬಂದರೆ ಪ್ರೆಶರ್ ಏರುವುದಾದರೂ ಹೇಗೆ?

ಇದನ್ನು ಕಣ್ಣಾರೆ ನೋಡಲು ಒಂದು ಉಪಾಯ ಇದೆ. ಗಾರೆ ಕೆಲಸದವರು ಮಟ್ಟ ನೋಡಲು ನೀರು ತುಂಬಿ ಹಿಡಿಯುತ್ತಾರಲ್ಲ, ಆ ಲೆವೆಲ್ ಪೈಪ್. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಅಡಿ ತಂದೆ. ಫಿಲ್ಟರಿನಿಂದ ಪಂಪಿಗೆ ಹೋಗುವ ರಬ್ಬರ್ ಪೈಪ್ ತೆಗೆದು ಆ ಜಾಗಕ್ಕೆ ಅದನ್ನು ಹಾಕಿ ಕ್ಲಿಪ್ ಬಿಗಿದೆ. ಕೈಪಂಪ್ ಒತ್ತಿ ಏರ್ ತೆಗೆದು ಸ್ಟಾರ್ಟ್ ಮಾಡಿದೆ. ಮೊದಲ ಅರ್ಧ ನಿಮಿಷ ಗುಳ್ಳೆ ಬಂದರೆ ಚಿಂತೆ ಇಲ್ಲ, ಬಿಚ್ಚಿ ಹಾಕಿದ್ದರಿಂದ ಬರುತ್ತೆ. ಆದರೆ ಹತ್ತು ನಿಮಿಷ ಆದರೂ ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲಾಗಿ ಹೋಗುತ್ತಲೇ ಇದ್ದವು. ರೇಸ್ ಕೊಟ್ಟಾಗ ಕಡಲೆ ಕಾಳಿನಷ್ಟು ದೊಡ್ಡದೊಂದು ಬಂತು. ಅದು ಪಂಪಿನೊಳಗೆ ಹೋದ ಮರುಕ್ಷಣ ಎಂಜಿನ್ ಮುಗ್ಗರಿಸಿತು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಈ ಲೆವೆಲ್ ಪೈಪ್ ಆಟ ಪಂಪಿಗೆ ಮುಂಚಿನ ಲೈನಿನಲ್ಲಿ ಮಾತ್ರ. ಪಂಪಿನಿಂದ ಆಚೆಗಿರುವ ಸ್ಟೀಲ್ ಪೈಪುಗಳನ್ನು ಎಂಜಿನ್ ಓಡುವಾಗ ಮುಟ್ಟಬೇಡಿ. ಹಳೇ ಡೀಸೆಲ್ ಗಾಡಿಗಳಲ್ಲಿ ನಾಜಲ್ ಪೈಪಿನ ನಟ್ ಸಡಿಲಿಸಿ ಯಾವ ಸಿಲಿಂಡರ್ ಸತ್ತಿದೆ ಅಂತ ನೋಡುತ್ತಿದ್ದರು. ಇಲ್ಲಿ ಅದು ನಡೆಯುವುದಿಲ್ಲ. ಟೈರಿಗೆ ನಾವು ಹೊಡೆಸುವುದು 50-60 ಪಿಎಸ್‌ಐ. ಈ ರೇಲ್‌ನಲ್ಲಿ ಜೋರಾಗಿ ಓಡುವಾಗ 1,600 ಬಾರ್, ಅಂದರೆ 23,000 ಪಿಎಸ್‌ಐ ಮೇಲೆ. ಆ ಡೀಸೆಲ್ ಎಳೆ ಚರ್ಮ ತೂರಿ ಒಳಗೆ ಹೋಗುತ್ತೆ, ಬೆರಳು ಕಳೆದುಕೊಳ್ಳಬೇಕಾಗುತ್ತೆ.

ಗಾಳಿ ಬರುತ್ತಿದೆ ಅಂತ ಗೊತ್ತಾಯಿತು, ಎಲ್ಲಿಂದ? ಐದು ಲೀಟರ್ ಕ್ಯಾನಿಗೆ ಡೀಸೆಲ್ ತುಂಬಿ ಬಾನೆಟ್ ಒಳಗೆ ಸೈಲೆನ್ಸರ್ ಬಿಸಿ ತಾಗದ ಕಡೆ ಕಟ್ಟಿದೆ. ಟ್ಯಾಂಕಿನಿಂದ ಬರುವ ಪೈಪ್ ಬಿಚ್ಚಿ, ಕ್ಯಾನಿನಿಂದಲೇ ಫಿಲ್ಟರಿಗೆ ಕೊಟ್ಟೆ. ಮಿಕ್ಕ ಡೀಸೆಲ್ ವಾಪಸ್ ಹೋಗುವ ರಿಟರ್ನ್ ಪೈಪನ್ನೂ ಕ್ಯಾನಿಗೇ ಇಳಿಬಿಡಬೇಕು. ನಾನು ಮೊದಲು ಮರೆತೆ, ಕ್ಯಾನಿನ ಡೀಸೆಲ್ ಎಲ್ಲ ಟ್ಯಾಂಕಿಗೆ ಹೋಗಿ ಗಾಡಿ ನಿಂತಿತು. ಎರಡನೇ ಸಲ ಸರಿಯಾಗಿ ಮಾಡಿದಾಗ ಗುಳ್ಳೆ ನಿಂತವು. ರೇಸ್ ಕೊಟ್ಟರೆ ಕಾಲಿಗೆ ತಕ್ಕ ಹಾಗೆ ಎಂಜಿನ್ ಎದ್ದಿತು. ಫಿಲ್ಟರ್, ಪಂಪ್ ಎರಡೂ ಸರಿ ಇವೆ. ಕಳ್ಳ ಇರುವುದು ಟ್ಯಾಂಕಿಗೂ ಫಿಲ್ಟರಿಗೂ ನಡುವೆ.

ಚಾಸಿಸ್ ಉದ್ದಕ್ಕೂ ಹೋಗುವ ಕಬ್ಬಿಣದ ಪೈಪನ್ನು ಗಾಡಿ ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡಿದೆ. ಒಂದು ಹನಿ ಡೀಸೆಲ್ ಕೂಡ ಇಲ್ಲ. ಆಮೇಲೆ ಪಂಕ್ಚರ್ ಅಂಗಡಿಯವರ ವಿದ್ಯೆಯೇ ಕೈ ಹಿಡಿಯಿತು. ಪೈಪಿನ ಎರಡೂ ತುದಿ ಬಿಚ್ಚಿ, ಒಂದಕ್ಕೆ ಬಿರಡೆ ಹಾಕಿ, ಇನ್ನೊಂದರಿಂದ ಸೈಕಲ್ ಪಂಪಿನಲ್ಲಿ ಮೆಲ್ಲಗೆ ಗಾಳಿ ಕೊಟ್ಟು, ಉದ್ದಕ್ಕೂ ಸೋಪಿನ ನೀರು ಬಳಿದೆ. ಹಿಂದಿನಿಂದ ಎರಡನೇ ಕ್ಲಿಪ್ ಹತ್ತಿರ ಬಿಳಿ ನೊರೆ ಎದ್ದಿತು. ಕ್ಲಿಪ್ ತೆಗೆದು ನೋಡಿದರೆ ಒಳಗಿನ ರಬ್ಬರ್ ಎಂದೋ ಉದುರಿ ಹೋಗಿತ್ತು. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ, ಕೆಸರು ನಿಂತು, ತುಕ್ಕು ಹಿಡಿದು ಸೂಜಿಮೊನೆಯ ತೂತು. ಸುತ್ತ ಮಾತ್ರ ಧೂಳು ಎಣ್ಣೆ ಜಿಡ್ಡಾಗಿ ಕರ್ರಗೆ ಅಂಟಿತ್ತು. ನಿಲ್ಲಿಸಿದಾಗ ಒಸರಿದ ಡೀಸೆಲ್ ಅದು. ಟಾರ್ಚ್ ಹಾಕಿ ನೋಡಿದಾಗ ಆ ಕೊಳೆಯ ಮೇಲೇ ಕಣ್ಣಾಡಿಸಿ ಮುಂದೆ ಹೋಗಿದ್ದೆ.

ಎಂ-ಸೀಲ್ ಹಚ್ಚಿಬಿಡು ಅಂದವರಿದ್ದರು. ಒಂದು ವಾರ ತಡೆಯಬಹುದು, ಬಿರುಕು ಬಿಟ್ಟರೆ ಮತ್ತೆ ಘಾಟಿ ಮಧ್ಯೆ ಪರದಾಟ. ಹೊಸ ಪೈಪ್ ಬರುವವರೆಗೆ ತೂತಿದ್ದ ಭಾಗ ಕತ್ತರಿಸಿ, ಡೀಸೆಲ್‌ಗೆ ಅಂತಲೇ ಸಿಗುವ ರಬ್ಬರ್ ಪೈಪ್ ಸೇರಿಸಿ ಎರಡೆರಡು ಕ್ಲಿಪ್ ಹಾಕಿದೆ. ಆಮೇಲೆ ಪೂರ್ತಿ ಪೈಪ್ ಬದಲಾಯಿಸಿ, ಪ್ರತಿ ಕ್ಲಿಪ್ ಒಳಗೂ ಹಳೇ ಟ್ಯೂಬಿನ ತುಂಡು ಸುತ್ತಿದೆ. ಘಾಟಿಯಲ್ಲಿ ಪಿಕಪ್ ವಾಪಸ್ ಬಂತು.

ಗಣಪತಿ ಮಾತ್ರ ಇನ್ನೂ ಕುಣಿಯುತ್ತಿದ್ದ. ಮೊದಲಿನಷ್ಟು ಜೋರಾಗಿ ಅಲ್ಲ, ಆದರೂ ಕುಣಿತ ನಿಂತಿರಲಿಲ್ಲ.

ಇದಕ್ಕೆ ಮೇಸ್ತ್ರಿ ಜೊತೆ ಕೂತು ಇಂಜೆಕ್ಟರ್ ರಿಟರ್ನ್ ಟೆಸ್ಟ್ ಮಾಡಿದೆ. ನಾಲ್ಕು ಇಂಜೆಕ್ಟರುಗಳ ರಿಟರ್ನ್ ಪೈಪ್ ಬಿಚ್ಚಿ, ಒಂದೊಂದಕ್ಕೂ ಸಲೈನ್ ಪೈಪ್ ಸಿಕ್ಕಿಸಿ, ಅಳತೆ ಗೀಟಿರುವ ನಾಲ್ಕು ಔಷಧಿ ಬಾಟಲಿಗೆ ಬಿಟ್ಟೆವು. ಎರಡು ನಿಮಿಷ ಐಡಲ್‌ನಲ್ಲಿ ಓಡಿಸಿದೆವು. ಮೂರು ಬಾಟಲಿಯಲ್ಲಿ ಹತ್ತಿರ ಹತ್ತಿರ ಒಂದೇ ಮಟ್ಟ. ಮೂರನೇ ಸಿಲಿಂಡರಿನ ಬಾಟಲಿಯಲ್ಲಿ ಎರಡರಷ್ಟಕ್ಕಿಂತ ಜಾಸ್ತಿ. ಸವೆದ ಇಂಜೆಕ್ಟರ್ ಡೀಸೆಲನ್ನು ಸುಡಲು ಬಿಡದೆ ವಾಪಸ್ ಕಳಿಸುತ್ತಿತ್ತು. ಖಾತ್ರಿ ಮಾಡಿಕೊಳ್ಳಲು ಕೀ ಆಫ್ ಮಾಡಿ ಒಂದೊಂದೇ ಕನೆಕ್ಟರ್ ಬಿಚ್ಚಿ ಸ್ಟಾರ್ಟ್ ಮಾಡಿದೆವು. ಬೇರೆ ಮೂರನ್ನು ಬಿಚ್ಚಿದಾಗ ಎಂಜಿನ್ ಸದ್ದು ಕೆಟ್ಟಿತು. ಮೂರನೆಯದನ್ನು ಬಿಚ್ಚಿದಾಗ ಹೆಚ್ಚೇನೂ ಬದಲಾಗಲಿಲ್ಲ.

ಡೀಸೆಲ್ ಪಂಪ್ ರಿಪೇರಿ ಅಂಗಡಿಗೆ ಕೊಟ್ಟು ಅದೊಂದನ್ನೇ ರೆಡಿ ಮಾಡಿಸಿದೆ. ಇಲ್ಲಿ ಎರಡು ವಿಷಯ ಮರೆಯಬೇಡಿ. ಇಂಜೆಕ್ಟರ್ ಬುಡದ ತಾಮ್ರದ ವಾಷರ್ ಹೊಸದೇ ಹಾಕಿಸಿ, ಹಳೆಯದು ಚಪ್ಪಟೆಯಾಗಿರುತ್ತೆ. ಆಮೇಲೆ ಇಂಜೆಕ್ಟರ್ ತಲೆ ಮೇಲಿನ ಕೋಡನ್ನು ಸ್ಕ್ಯಾನರಿನಿಂದ ಗಾಡಿಯ ಕಂಪ್ಯೂಟರಿಗೆ ಬರೆಸಿ. ಬರೆಸದಿದ್ದರೆ ರೆಡಿಯಾದ ಇಂಜೆಕ್ಟರಿಗೂ ಹಳೇ ಲೆಕ್ಕದಲ್ಲೇ ಡೀಸೆಲ್ ಕೊಡುತ್ತೆ, ನಡುಕ ಹೋಗದೇ ಇರಬಹುದು. ಇದನ್ನು ಕೇಳಿ ಮಾಡಿಸಿಕೊಳ್ಳಬೇಕು, ತಾವಾಗಿ ಮಾಡುವವರು ಕಮ್ಮಿ.

ಮುಳ್ಳು ಈಗ 800ರಲ್ಲಿ ನಿಲ್ಲುತ್ತೆ. ಲೆವೆಲ್ ಪೈಪ್ ತುಂಡನ್ನು ಅವತ್ತೇ ತೆಗೆದಿದ್ದೆ. ಡೀಸೆಲ್ ತಾಗಿದರೆ ಅದು ಗಟ್ಟಿಯಾಗಿ ಸೀಳುತ್ತೆ, ಅದನ್ನೇ ಬಿಟ್ಟು ಗಾಡಿ ಓಡಿಸಬಾರದು. ಹಳದಿ ತಿರುಗಿ ಟೂಲ್ ಬಾಕ್ಸಿನಲ್ಲಿ ಬಿದ್ದಿದೆ. ಮೊನ್ನೆ ಎಪಿಎಂಸಿಯಲ್ಲಿ ಒಬ್ಬ ಡ್ರೈವರ್ ಬಂದು, 'ಅಣ್ಣ, ನನ್ನ ಗಾಡೀಲೂ ಪಿಕಪ್ ಇಲ್ಲ, ಏರ್ ಸೆನ್ಸರ್ ಹಾಕ್ಸಬೇಕಂತೆ' ಅಂದ. ಹೊಸದೊಂದು ಲೆವೆಲ್ ಪೈಪ್ ತರಿಸಿ ಹಾಕಿ ನೋಡಿದೆವು. ಒಂದೂ ಗುಳ್ಳೆ ಇಲ್ಲ. ಕೊನೆಗೆ ಸಿಕ್ಕಿದ್ದು ಟರ್ಬೋದಿಂದ ಎಂಜಿನ್ನಿಗೆ ಒತ್ತಿದ ಗಾಳಿ ಒಯ್ಯುವ ಪೈಪಿನ ಕ್ಲ್ಯಾಂಪ್ ಕೆಳಗಿನ ಸೀಳು. ಎಣ್ಣೆ ಬಳಿದ ಹಾಗೆ ಜಿಡ್ಡು, ರೇಸ್ ಕೊಟ್ಟರೆ ಬುಸ್ ಅನ್ನುತ್ತಿತ್ತು. ಅವನ ಏರ್ ಸೆನ್ಸರ್ ದುಡ್ಡು ಉಳಿಯಿತು.