ಲೇಸರ್ ಆದ ಮೇಲೆ ಗದ್ದದಲ್ಲಿ ಉಳಿದ ಕಪ್ಪು

ಗದ್ದದ ಕೂದಲು ತೆಗೆಸೋಕೆ ಲೇಸರ್ ಮಾಡಿಸಿದ್ದು ಮಾರ್ಚ್ ಕೊನೆಯಲ್ಲಿ. ರಾಯಚೂರಿನ ಬಿಸಿಲು ಗೊತ್ತಿದ್ದವರು ಆಗ ಮಾಡಿಸಲ್ಲ. ನಾನು ಮಾಡಿಸಿ, ಮೂರನೇ ದಿನವೇ ಸ್ಕೂಟಿ ಹತ್ತಿ ತೀನ್ ಕಂದೀಲ್ ಕಡೆಯಿಂದ ಆಫೀಸಿಗೆ ಹೋದೆ. ಕೆಂಪು ಇಳಿದು ಎರಡು ವಾರಕ್ಕೆ ಅದೇ ಜಾಗದಲ್ಲಿ ಕಂದು ಮಚ್ಚೆ ಎದ್ದವು. "ದುಡ್ಡು ಕೊಟ್ಟು ಮುಖ ಸುಟ್ಕೊಂಡು ಬಂದ್ಯಲ್ಲ" ಅಂದಳು ಅವ್ವ.

ಗಾಬರಿಯಲ್ಲಿ ನಿಂಬೆಹಣ್ಣು ಉಜ್ಜಿದೆ, ಉರಿ ಹತ್ತಿತು. ಆಮೇಲೆ ಮೆಡಿಕಲ್ ಶಾಪಿನಲ್ಲಿ ಕೇಳಿ ಕಪ್ಪು ತಿಳಿಯಾಗಿಸೋ ಒಂದು ಕ್ರೀಮ್ ತಂದೆ, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಸ್ಟೀರಾಯ್ಡ್ ಮೂರೂ ಸೇರಿದ್ದು. ಹತ್ತು ದಿನ ಮುಖ ಫಳಫಳ. ಖುಷಿಯಲ್ಲಿ ತಿಂಗಳುಗಟ್ಟಲೆ ಹಚ್ಚಿದೆ, ಬಿಟ್ಟ ಕೂಡಲೇ ಮುಖ ಕೆಂಪಾಗಿ ಗುಳ್ಳೆ ಎದ್ದವು. ಆ ಕ್ರೀಮ್ ಕೆಟ್ಟದ್ದೇನಲ್ಲ, ಆದರೆ ಎಷ್ಟು ವಾರ ಹಚ್ಚಬೇಕು ಅಂತ ಡಾಕ್ಟರ್ ಲೆಕ್ಕ ಇಡಬೇಕು, ಅಂಗಡಿಯವನಲ್ಲ.

ಚರ್ಮದ ಡಾಕ್ಟರ್ ಹೇಳಿದ ಮೇಲೆ ವಿಷಯ ತಲೆಗೆ ಹೋಯಿತು. ಲೇಸರ್ ಹುಡುಕೋದು ಕೂದಲಿನ ಮೆಲನಿನ್ ಅನ್ನು, ಅಂದ್ರೆ ಕಪ್ಪು ಬಣ್ಣ ಕೊಡೋ ವಸ್ತುವನ್ನು. ನಮ್ಮಂಥ ಕಂದು ಚರ್ಮದಲ್ಲೂ ಅದೇ ಜಾಸ್ತಿ ಇರುತ್ತಲ್ವಾ, ಹಾಗಾಗಿ ಚರ್ಮಕ್ಕೂ ಬಿಸಿ ತಗಲುತ್ತದೆ. ಉರಿಯೂತ ಆದ ಕಡೆ ಚರ್ಮ ಇನ್ನಷ್ಟು ಮೆಲನಿನ್ ಮಾಡುತ್ತದೆ. ಉಜ್ಜಿದಷ್ಟೂ, ಬಿಸಿಲಿಗೆ ಹೋದಷ್ಟೂ ಕಪ್ಪು ಹೆಚ್ಚು. ಹಾಗಾದ್ರೆ ನಾನು ಅಷ್ಟು ದಿನ ಮಚ್ಚೆಗೆ ಗೊಬ್ಬರ ಹಾಕುತ್ತಿದ್ದೆ ಅಂತಾಯ್ತು.

ಸ್ಕ್ರಬ್, ಬ್ಲೀಚ್, ಥ್ರೆಡಿಂಗ್ ಎಲ್ಲ ಬಿಟ್ಟೆ. ರಾತ್ರಿ ಡಾಕ್ಟರ್ ಬರೆದುಕೊಟ್ಟ ಅಜೆಲೇಯಿಕ್ ಆಸಿಡ್ ಕ್ರೀಮ್, ಮೊದಲು ಸ್ವಲ್ಪ ತುರಿಸಿತು, ಆಮೇಲೆ ಹೊಂದಿಕೊಂಡಿತು. ಹಗಲು ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್. ಕಣ್ಣಿಗೆ ಕಾಣುವ ಬೆಳಕಿಗೂ ಮಚ್ಚೆ ಕಪ್ಪಾಗುತ್ತದಂತೆ, ಬಿಳಿ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯಲ್ಲ. ಎರಡು ಬೆರಳುದ್ದ ಹಿಂಡಿ ಮುಖ, ಕುತ್ತಿಗೆಗೆ ಹಚ್ಚುತ್ತಿದ್ದೆ. ಹೊರಗೆ ಓಡಾಡುವ ದಿನ ಎರಡು ಗಂಟೆಗೊಮ್ಮೆ ಮತ್ತೆ. ನಮ್ಮ ಬೆವರಿಗೆ ಅದು ಎಲ್ಲಿ ನಿಲ್ಲುತ್ತೆ? ಹಾಗಾಗಿ ಮೇಲೆ ಸಡಿಲವಾಗಿ ಹತ್ತಿ ದುಪಟ್ಟಾ. ಬಿಗಿಯಾದ ಮಾಸ್ಕ್ ಗದ್ದಕ್ಕೆ ಉಜ್ಜುತ್ತಿತ್ತು, ಅದನ್ನೂ ಬಿಟ್ಟೆ.

ಮೊದಲ ಎರಡು ತಿಂಗಳು ಏನೂ ಕಾಣಲಿಲ್ಲ. ಪ್ರತಿ ಭಾನುವಾರ ಅದೇ ಕಿಟಕಿ ಹತ್ತಿರ ಫೋಟೋ ತೆಗೆಯದಿದ್ದರೆ ಬೇಜಾರಾಗಿ ಬಿಟ್ಟೇಬಿಡುತ್ತಿದ್ದೆ. ಎಂಟು ತಿಂಗಳಿಗೆ ಎಡಗಡೆ ಒಂದು ನೆರಳಿನಷ್ಟು ಉಳಿಯಿತು.

ಕೂದಲು ಮಾತ್ರ ಅಲ್ಲಲ್ಲಿ ವಾಪಸ್ ಬಂದಿವೆ. ಈ ಸಲ 1064 ನ್ಯಾನೋಮೀಟರ್ ತರಂಗಾಂತರದ ಎನ್‌ಡಿ ಯಾಗ್ ಅನ್ನೋ ಬಗೆಯ ಲೇಸರ್, ಅದು ಕಂದು ಚರ್ಮಕ್ಕೆ ಅಪಾಯ ಕಡಿಮೆ, ಅದೂ ಮೊದಲು ದವಡೆ ಕೆಳಗೆ ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡಿ ನೋಡೋಣ ಅಂದಿದ್ದಾರೆ ಡಾಕ್ಟರ್. ದೀಪಾವಳಿ ಮುಗಿಯಲಿ, ಆಮೇಲೆ ಬರ್ತೀನಿ ಅಂದೆ.