‘ದೊಂಗ್’ ಎಂಬ ಒಂದು ಅಕ್ಷರ: ಕೊರಿಯಾಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ

ಸೋಲ್ ನಗರಕ್ಕೆ ಬಂದ ಮೊದಲ ವಾರದಲ್ಲೇ ನಿಮ್ಮ ಕಣ್ಣಿಗೆ ಮತ್ತೆ ಮತ್ತೆ ಬೀಳುವ ಅಕ್ಷರ ‘ದೊಂಗ್’. ಮ್ಯೊಂಗ್‌ದೊಂಗ್, ಇನ್ಸಾದೊಂಗ್ ಎಂಬ ಬಡಾವಣೆಗಳ ಹೆಸರಿನ ಕೊನೆಯಲ್ಲಿ ಅದಿದೆ. ದೊಂಗ್‌ದೇಮುನ್ ಎಂಬ ಹೆಬ್ಬಾಗಿಲಿನ ಹೆಸರಿನ ಮೊದಲಲ್ಲಿಯೂ, ತಮ್ಮನನ್ನೋ ತಂಗಿಯನ್ನೋ ಸೂಚಿಸುವ ‘ದೊಂಗ್‌ಸೆಂಗ್’ ಎಂಬ ಮಾತಿನಲ್ಲಿಯೂ ಇದೆ. ಬರೆಯುವಾಗ ಇವೆಲ್ಲ ಒಂದೇ ಆದರೂ ಇವುಗಳ ಮೂಲ ಬೇರೆ ಬೇರೆ.

ನಮ್ಮಲ್ಲಿ ‘ಕರ’ ಎಂದರೆ ಕೈ, ತೆರಿಗೆ, ಕಿರಣ ಎಲ್ಲವೂ ಆಗುವುದನ್ನು ನೆನೆದರೆ ಇದು ಅಪರಿಚಿತವೆನಿಸದು. ಕನ್ನಡಕ್ಕೆ ಸಂಸ್ಕೃತದಿಂದ ಪದಗಳು ಬಂದಂತೆ ಕೊರಿಯನ್ನಿಗೆ ಚೀನೀ ಲಿಪಿಯ ಮೂಲಕ ಸಾವಿರಾರು ಪದಗಳು ಬಂದವು. ಚೀನೀ ಭಾಷೆಯಲ್ಲಿ ಸ್ವರದ ಏರಿಳಿತವೂ ಒಂದೊಂದು ಪದಕ್ಕಿರುವ ಬೇರೆ ಚಿತ್ರಾಕ್ಷರವೂ ಅರ್ಥವನ್ನು ಬಿಡಿಸಿ ತೋರಿಸುತ್ತವೆ; ಇಂದಿನ ಸೋಲ್ ಕೊರಿಯನ್ನಿನಲ್ಲಿ ಆ ಏರಿಳಿತವಿಲ್ಲ, ಮತ್ತು ರಾಜ ಸೇಜೊಂಗ್ 1446ರಲ್ಲಿ ಪ್ರಕಟಿಸಿದ ಹಂಗುಲ್ ಲಿಪಿ ಉಚ್ಚಾರವನ್ನಷ್ಟೇ ಬರೆಯುತ್ತದೆ. ಹೀಗಾಗಿ ಪೂರ್ವ (ದೊಂಗ್‌ದೇಮುನ್ ಎಂದರೆ ಪೂರ್ವದ ಹೆಬ್ಬಾಗಿಲು), ಚಲನೆ (‘ಉನ್‌ದೊಂಗ್’, ವ್ಯಾಯಾಮ), ತಾಮ್ರ (‘ದೊಂಗ್‌ಜೊನ್’, ನಾಣ್ಯ), ಸಮಾನ, ಮಗು, ಚಳಿಗಾಲ ಎಲ್ಲವೂ ಒಂದೇ ಅಕ್ಷರದೊಳಗೆ ಬಂದು ಸೇರಿವೆ.

ನಿಮಗೆ ದಿನನಿತ್ಯ ಬೇಕಾಗುವುದು ಎರಡು. ಮೊದಲನೆಯದು ಬಡಾವಣೆಯ ದೊಂಗ್. ಇದರ ಚೀನೀ ಅಕ್ಷರಕ್ಕೆ ಕೊರಿಯನ್ನರು ಕಣಿವೆ ಎಂಬ ಅರ್ಥವನ್ನು ಕಲಿಸುತ್ತಾರೆ. ಗುಹೆ ಎಂಬ ‘ದೊಂಗ್‌ಗುಲ್’ ಪದದಲ್ಲಿರುವುದೂ ಅದೇ ಅಕ್ಷರ. ಬೆಟ್ಟಗಳ ಸಂದಿಯಲ್ಲಿ ಊರು ಕಟ್ಟಿಕೊಂಡ ಜನರಿಗೆ ಕಣಿವೆಯೇ ಕೇರಿಯಾದದ್ದು ನನಗೆ ಬಹಳ ಹಿಡಿಸಿದ ಸಂಗತಿ. ಜಪಾನೀ ಆಳ್ವಿಕೆಯಲ್ಲಿ ಸೋಲ್‌ನ ಹಲವು ಕೇರಿಗಳಿಗೆ ಜಪಾನೀ ಹೆಸರುಗಳಿದ್ದವು. 1946ರಲ್ಲಿ ಅವು ಹೋಗಿ ಮತ್ತೆ ‘ದೊಂಗ್’ ಬಂತು, ಮ್ಯೊಂಗ್‌ದೊಂಗ್ ಕೂಡ ಹಾಗೆ ಬಂದ ಹೆಸರೇ.

ಎರಡನೆಯದು ಕಟ್ಟಡದ ದೊಂಗ್. ಇದಕ್ಕೆ ಮನೆಯ ತೊಲೆ ಎಂಬರ್ಥದ ಬೇರೆಯೇ ಅಕ್ಷರವಿದೆ. ಅಪಾರ್ಟ್‌ಮೆಂಟ್ ಸಮುಚ್ಚಯದ ಗೋಡೆಯ ಮೇಲೆ ದೊಡ್ಡದಾಗಿ ಬರೆದ 103 ಎಂಬುದು ಕಟ್ಟಡದ ಸಂಖ್ಯೆ, ಅಂದರೆ 103 ದೊಂಗ್; ‘ಹೊ’ ಎಂಬುದು ಮನೆಯ ಸಂಖ್ಯೆ. ನಾನು ಬಂದ ಹೊಸದರಲ್ಲಿ ‘ಹೊ’ ಮಾತ್ರ ಬರೆದು ಊರಿನಿಂದ ಬಂದ ಪಾರ್ಸೆಲನ್ನು ಪಕ್ಕದ ಕಟ್ಟಡದ ಅದೇ ಸಂಖ್ಯೆಯ ಮನೆಯ ಬಾಗಿಲಲ್ಲಿ ಹುಡುಕಬೇಕಾಯಿತು. ಆದರೆ ‘ಯೊಕ್ಸಾಮ್ 1 ದೊಂಗ್’ ಎಂದಿದ್ದರೆ ಅದು ಒಂದನೆಯ ಕಟ್ಟಡವಲ್ಲ, ಯೊಕ್ಸಾಮ್ ಬಡಾವಣೆಯ ಒಂದನೆಯ ಆಡಳಿತ ಭಾಗ. ಸಂಖ್ಯೆಗಿಂತ ಮೊದಲು ಸ್ಥಳದ ಹೆಸರಿದೆಯೇ ಎಂದು ನೋಡಿಕೊಳ್ಳಿ. 2014ರಿಂದ ವಿಳಾಸಗಳು ಪೂರ್ಣವಾಗಿ ರಸ್ತೆಯ ಹೆಸರಿಗೆ ಬದಲಾಗಿದ್ದರೂ ಬಡಾವಣೆಯ ದೊಂಗ್ ವಿಳಾಸದ ಕೊನೆಯಲ್ಲಿ ಆವರಣ ಚಿಹ್ನೆಯೊಳಗೆ ಉಳಿದಿರುತ್ತದೆ.

ಉಚ್ಚಾರದಲ್ಲಿ ಎಚ್ಚರ ಬೇಕು. ಕೊನೆಯ ಧ್ವನಿ ನಮ್ಮ ಕವರ್ಗದ ‘ಙ’. ಅದರ ಮೇಲೆ ‘ಗ್’ ಸೇರಿಸಬಾರದು. ಪದದ ಮೊದಲಲ್ಲಿ ನಮ್ಮ ಬಿಗಿಯಾದ ‘ತ’ವನ್ನು ಹಾಕಿದರೆ ಕೊರಿಯನ್ನರ ಕಿವಿಗೆ ಅದು ಮಲ ಎಂಬ ಪದವಾಗಿ ಕೇಳುತ್ತದೆ, ‘ಥ’ ಎಂದರೆ ಡಬ್ಬಿಯಾಗುತ್ತದೆ. ನಾಲಿಗೆಯನ್ನು ಸಡಿಲಬಿಟ್ಟು, ತುಸುವೇ ಉಸಿರು ಬೆರೆಸಿ ಹೇಳಿ. ಪದದ ನಡುವೆ ಬಂದಾಗ, ಉದಾಹರಣೆಗೆ ಮ್ಯೊಂಗ್‌ದೊಂಗ್‌ನಲ್ಲಿ, ನಮ್ಮ ‘ದ’ ಸಾಕು.