‘ಎನ್‌ಜಾಯಿನ್’ ಪದದ ಬಾಲ ಹಿಡಿದ ಅನುಭವ

‘ಎನ್‌ಜಾಯಿನ್’ (enjoin, ಆಜ್ಞೆ ಮಾಡು ಇಲ್ಲವೇ ತಡೆ) ಅನ್ನುವ ಕೋರ್ಟಿನ ಇಂಗ್ಲಿಷ್ ಕ್ರಿಯಾಪದಕ್ಕೆ ಕನ್ನಡದಲ್ಲಿ ಒಂದೇ ಪದ ಹುಡುಕುವುದನ್ನು ಬಿಟ್ಟ ಮೇಲೆ ನನ್ನ ಅನುವಾದದ ಕೆಲಸ ಸಲೀಸಾಯಿತು. ಇದನ್ನು ಶಿವಮೊಗ್ಗದ ಹಿರಿಯ ಅನುವಾದಕರೊಬ್ಬರಿಗೆ ಹೇಳಿದಾಗ, “ಅದೆಲ್ಲ ಯಾಕೆ ಮಾರಾಯ, ಎಲ್ಲ ಕಡೆ ‘ನಿರ್ದೇಶಿಸಲಾಗಿದೆ’ ಅಂತ ಹಾಕು, ಯಾರು ಕೇಳ್ತಾರೆ?” ಎಂದು ನಕ್ಕಿದ್ದರು. ಕೇಳುವವರು ಬಂದೇ ಬರುತ್ತಾರೆ. ನನ್ನ ಬಳಿ ಬಂದಿದ್ದರು.

ಏಳೆಂಟು ವರ್ಷದ ಹಿಂದಿನ ಮಾತು. ಓಣಿಗೆ ಅಡ್ಡಲಾಗಿ ಕಟ್ಟಿದ ಕಾಂಪೌಂಡ್ ಗೋಡೆಯ ದಾವೆ. ತೀರ್ಪು ಇಂಗ್ಲಿಷಿನಲ್ಲಿತ್ತು. ಪ್ರತಿವಾದಿ ಇಂಗ್ಲಿಷ್ ಬಾರದ ಯಜಮಾನರು. ವಕೀಲರ ಮಾತು ಪೂರ್ತಿ ಅರ್ಥವಾಗದೆ ತೀರ್ಪಿನ ಪ್ರತಿ ಹಿಡಿದು ನನ್ನ ಬಳಿ ಬಂದರು. ಪುಟಕ್ಕೆ 60 ರೂಪಾಯಿಯಂತೆ ಒಪ್ಪಿಕೊಂಡೆ, ಹದಿನೈದು ಪುಟದ ಆಸುಪಾಸು.

ಕೊನೆಯ ಪುಟದಲ್ಲಿ ‘ಮ್ಯಾಂಡೇಟರಿ ಇಂಜಂಕ್ಷನ್’, ಅಂದರೆ ಒಂದು ಕೆಲಸ ಮಾಡಲೇಬೇಕು ಎನ್ನುವ ಕೋರ್ಟಿನ ಆಜ್ಞೆ, ಎಂದಿತ್ತು. ಅದರ ಕೆಳಗೆ, 30 ದಿನದೊಳಗೆ ಗೋಡೆ ತೆಗೆಯಲು ಪ್ರತಿವಾದಿಯನ್ನು ‘ಎನ್‌ಜಾಯಿನ್ಡ್ ಟು ರಿಮೂವ್’ ಎಂದಿತ್ತು. ಇಂಜಂಕ್ಷನ್ ಕಂಡರೆ ನಮ್ಮ ಬೆರಳು ತಾನಾಗಿ ‘ತಡೆಯಾಜ್ಞೆ’ ಎಂದು ಹೊಡೆಯುತ್ತದೆ, ನಿಮಗೂ ಗೊತ್ತಲ್ಲ. ‘ಮ್ಯಾಂಡೇಟರಿ’ಗೆ ‘ಕಡ್ಡಾಯ’ ಸೇರಿಸಿದೆ. ಆ ಜೋರಿನಲ್ಲೇ ಕೆಳಗಿನ ಸಾಲು “ಗೋಡೆ ತೆರವು ಕುರಿತು ಪ್ರತಿವಾದಿಯನ್ನು ಕಡ್ಡಾಯವಾಗಿ ನಿರ್ಬಂಧಿಸಲಾಗಿದೆ” ಎಂದಾಯಿತು.

ಯಜಮಾನರು ಓದಿದರು. ಗೋಡೆ ಮುಟ್ಟಬಾರದು ಎಂದುಕೊಂಡರು. ಬೇರೆ ಯಾರು ಓದಿದ್ದರೂ ಹಾಗೇ ತಿಳಿಯುತ್ತಿದ್ದರು. 30 ದಿನ ಗೋಡೆಯನ್ನು ಜೋಪಾನವಾಗಿ ಕಾಪಾಡಿಕೊಂಡರು! ವಾದಿ, ತೀರ್ಪನ್ನು ಜಾರಿ ಮಾಡಿಸಿ ಎಂದು ಕೋರ್ಟಿಗೆ ಅಮಲ್ಜಾರಿ ಅರ್ಜಿ ಹಾಕಿದರು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 21, ನಿಯಮ 32ರಲ್ಲಿ ಇಂಥ ಆಜ್ಞೆ ಪಾಲಿಸದವರಿಗೆ ಆಸ್ತಿ ಜಪ್ತಿಯೂ ಇದೆ, ಸಿವಿಲ್ ಜೈಲೂ ಇದೆ. ಪುಣ್ಯಕ್ಕೆ ಅಲ್ಲಿಯವರೆಗೆ ಹೋಗಲಿಲ್ಲ, ಯಜಮಾನರು ಗೋಡೆ ಒಡೆಸಿದರು. ಆದರೆ ವಕೀಲರ ಫೀಸು ಎರಡನೇ ಸಲ ಬಿತ್ತು. ನಾನು 900 ರೂಪಾಯಿ ವಾಪಸ್ ಕೊಟ್ಟೆ. ಮುಂದೆ ಅವರ ಕಾಗದಪತ್ರ ಸುಮಾರು 40 ಪುಟ ಬಿಟ್ಟಿ ಮಾಡಿಕೊಟ್ಟೆ. ಮನೆಯಲ್ಲಿ ಇವತ್ತಿಗೂ ಇದನ್ನು ‘ಗೋಡೆ ಕೇಸು’ ಅಂತಲೇ ಆಡಿಕೊಳ್ಳುತ್ತಾರೆ.

ತೊಂದರೆ ಇರುವುದು ಆ ಪದದಲ್ಲೇ. ‘ಮಾಡು’ ಎಂದು ಅಪ್ಪಣೆ ಕೊಟ್ಟರೂ ಎನ್‌ಜಾಯಿನ್, ‘ಮಾಡಬೇಡ’ ಎಂದು ತಡೆದರೂ ಎನ್‌ಜಾಯಿನ್. 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 37ನೇ ಕಲಂನಲ್ಲಿ ಶಾಶ್ವತ ಇಂಜಂಕ್ಷನ್ ಬಗ್ಗೆ ‘ಪರ್ಪೆಚುಯಲಿ ಎನ್‌ಜಾಯಿನ್ಡ್ ಫ್ರಮ್’ ಎಂದಿದೆ. ಅಲ್ಲಿ ಅದು ಪೂರ್ತಿ ತಡೆ. ಎರಡು ಕಲಂ ಮುಂದೆ, 39ರಲ್ಲಿ, ಇಂಜಂಕ್ಷನ್ ಕೊಟ್ಟು ಕೆಲಸ ಮಾಡಿಸಲೂಬಹುದು. ಒಂದೇ ಕುಟುಂಬದ ಪದಗಳು, ಎರಡು ದಿಕ್ಕು.

ಒಂದಷ್ಟು ದಿನ ‘ನಿರ್ಬಂಧಿಸು’, ‘ವಿಧಿಸು’, ‘ಆಜ್ಞಾಪಿಸು’ ಹಾಕಿ ನೋಡಿದೆ. ಒಂದು ಕಡೆ ಕೂತರೆ ಇನ್ನೊಂದು ಕಡೆ ಕೂರುತ್ತಿರಲಿಲ್ಲ. ಕಂಪ್ಯೂಟರ್ ಅನುವಾದಕ್ಕೂ ಕೊಟ್ಟೆ. ಸ್ಕ್ಯಾನ್ ಮಸುಕಾಗಿದ್ದ ಒಂದು ಪುಟದಲ್ಲಿ ಅದು ‘ಎನ್‌ಜಾಯಿನ್ಡ್’ ಅನ್ನು ‘ಎಂಜಾಯ್ಡ್’ ಎಂದು ಓದಿಕೊಂಡು, ಪ್ರತಿವಾದಿ ಅಡ್ಡಿಪಡಿಸುವುದನ್ನು ಆನಂದಿಸಿದ್ದಾನೆ ಎಂದು ಕೊಟ್ಟಿತು. ಸುಮ್ನೆ ನಗಬೇಡಿ. ಅದೇ ವಾಕ್ಯದ ಕೊನೆಗೆ ‘ಪೀಸ್‌ಫುಲ್ ಪೊಸೆಷನ್ ಅಂಡ್ ಎಂಜಾಯ್‌ಮೆಂಟ್’ (ನೆಮ್ಮದಿಯ ಸ್ವಾಧೀನ ಮತ್ತು ಅನುಭವ) ಇರುತ್ತದೆ. ಎರಡೂ ಅಕ್ಕಪಕ್ಕ ಬಂದಾಗ ರಾತ್ರಿ ಹನ್ನೊಂದಕ್ಕೆ ಕೂತು ಟೈಪ್ ಮಾಡುವವರೂ ಎಡವುತ್ತಾರೆ.

ದಾರಿ ಸಿಕ್ಕಿದ್ದು ಅಜ್ಜಿಯ ಬಾಯಲ್ಲಿ. “ಕತ್ತಲಾಗೋದ್ರೊಳಗೆ ಬರಬೇಕು ಅಂತ ತಾಕೀತು ಮಾಡಿದ್ದೆ, ಕೆರೆ ಕಡೆ ಹೋಗಬಾರದು ಅಂತಲೂ ತಾಕೀತು ಮಾಡಿದ್ದೆ” ಎಂದು ಮೊಮ್ಮಗನ ಮೇಲೆ ರೇಗುತ್ತಿದ್ದರು. ಅಲ್ಲೇ ಹೊಳೆಯಿತು. ತಾಕೀತು ಎರಡೂ ಕಡೆ ನಡೆಯುತ್ತದೆ. ಅದಕ್ಕೆ ಮೊದಲು ಬಂದ ‘ಬೇಕು’, ‘ಬಾರದು’ ದಿಕ್ಕು ಹೇಳುತ್ತವೆ. ಕೋರ್ಟಿನ ಕಾಗದದಲ್ಲಿ ತಾಕೀತು ಹಾಕಿದರೆ ಪೊಲೀಸ್ ಠಾಣೆಯ ವಾಸನೆ ಬರುತ್ತದೆ, ಅದು ಬೇರೆ ಮಾತು. ಆದರೆ ಪಾಠ ಸಿಕ್ಕಿತು.

ಈಗ ಎನ್‌ಜಾಯಿನ್ ಕಂಡರೆ ಅದನ್ನು ಮುಟ್ಟುವುದೇ ಇಲ್ಲ. ಅದರ ಬಾಲ, ಅಂದರೆ ಅದರ ನಂತರ ಬರುವ ಪುಟ್ಟ ಪದ, ನೋಡುತ್ತೇನೆ. ‘ಫ್ರಮ್’ ಇದ್ದರೆ ವಾಕ್ಯದ ಕೊನೆಗೆ ಮೊದಲೇ ‘ತಕ್ಕದ್ದಲ್ಲ’ ಅಥವಾ ‘ಕೂಡದು’ ಬರೆದಿಟ್ಟುಕೊಳ್ಳುತ್ತೇನೆ. ‘ಟು’ ಇದ್ದರೆ ‘ತಕ್ಕದ್ದು’. ‘ನಾಟ್ ಟು’ ಬಂದರೆ ಮತ್ತೆ ‘ಕೂಡದು’. ‘ಅಪಾನ್’ ಇದ್ದರೆ ಯಾರ ಮೇಲೋ ಹೊಣೆ ಬಿದ್ದಿದೆ, ‘ಅವರ ಕರ್ತವ್ಯ’ ಎಂದು ಮುಗಿಸುತ್ತೇನೆ. ಆಮೇಲೆ ಹಿಂದಿನಿಂದ ಮುಂದಕ್ಕೆ ಕಟ್ಟುತ್ತಾ ಬರುವುದು. “ಪ್ರತಿವಾದಿಯು ಷೆಡ್ಯೂಲ್ ಸ್ವತ್ತಿನಲ್ಲಿ ವಾದಿಯ ಸ್ವಾಧೀನಾನುಭವಕ್ಕೆ ಅಡ್ಡಿಪಡಿಸಕೂಡದು.” ಎನ್‌ಜಾಯಿನ್ ಎಲ್ಲಿ ಹೋಯಿತು ಎಂದರೆ ‘ಕೂಡದು’ ಒಳಗೆ ಹೋಯಿತು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಈ ಉಪಾಯ ನಡೆಯುತ್ತದೆ.

ಬಾಲವೇ ಇಲ್ಲದ ಜಾತಿ ಒಂದಿದೆ. ಅದೇ ನಿಜವಾದ ತಲೆನೋವು. ‘ಎನ್‌ಜಾಯಿನ್ ಸೀಕ್ರೆಸಿ’ ಎಂದರೆ ಗುಟ್ಟು ಕಾಪಾಡಬೇಕು. ‘ಎನ್‌ಜಾಯಿನ್ ದಿ ಕನ್‌ಸ್ಟ್ರಕ್ಷನ್’ ಎಂದರೆ ಕಟ್ಟಡದ ಕೆಲಸ ನಿಲ್ಲಿಸಬೇಕು. ಇವೆರಡನ್ನು ಬೇರೆ ಮಾಡಲು ನನ್ನ ಹತ್ತಿರ ಒಂದು ಚಿಕ್ಕ ಪರೀಕ್ಷೆ ಇದೆ, ಅರ್ಧ ನಿಮಿಷ ಸಾಕು. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅನ್ನದ ಪ್ರಶ್ನೆ.

ಇದೇ ಉತ್ಸಾಹದಲ್ಲಿ ‘ಡಿಮೈಸ್’ ಪದದ ಮೇಲೂ ಕೈಯಾಡಿಸಿದೆ. ಸಾಮಾನ್ಯವಾಗಿ ಅದರ ಅರ್ಥ ಸಾವು, ಹಳೆಯ ಬಾಡಿಗೆ ಕರಾರುಗಳಲ್ಲಿ ಅದು ಗುತ್ತಿಗೆಗೆ ಕೊಡುವುದು. ‘ಡಿಮೈಸ್ಡ್ ಪ್ರೆಮಿಸಸ್’ ಅನ್ನು ‘ಮೃತ ಆವರಣ’ ಮಾಡಿದ್ದ ಹಳೆಯ ಪ್ರತಿಯೊಂದು ಕೈಗೆ ಸಿಕ್ಕಿತ್ತು. ಬಾಲದ ಉಪಾಯ ಅಲ್ಲಿ ನಡೆಯಲಿಲ್ಲ. ಎರಡು ವಾರ ದಂಡ.

ಲೆಕ್ಕ ಹೇಳಬೇಕೆಂದರೆ, ಮೊದಲು ದಿನಕ್ಕೆ ಆರೇಳು ಪುಟ ಆಗುತ್ತಿತ್ತು, ಈಗ ಹತ್ತು ಹನ್ನೆರಡು. ದರ ಪುಟಕ್ಕೆ 150ರ ಮೇಲಿದೆ. ತಿದ್ದುಪಡಿಗೆ ವಾಪಸ್ ಬರುವುದು ವರ್ಷಕ್ಕೆ ಒಂದೋ ಎರಡೋ. ಎಲ್ಲವೂ ಈ ಒಂದು ಪದದಿಂದ ಆಯಿತು ಎಂದರೆ ಸುಳ್ಳಾಗುತ್ತದೆ. ಕೊನೆಯಿಂದ ಕಟ್ಟುವ ಚಾಳಿ ಬೇರೆ ವಾಕ್ಯಗಳಿಗೂ ಹತ್ತಿಕೊಂಡಿತು.

ಕಳೆದ ತಿಂಗಳು ಆ ಹಿರಿಯರು ವಾಟ್ಸಾಪಿನಲ್ಲಿ ಒಂದು ಪುಟ ಕಳಿಸಿದ್ದರು. “ಇದಕ್ಕೆ ಬಾಲ ಇಲ್ಲವಲ್ಲ, ಏನು ಹಾಕಲಿ?” ಉತ್ತರ ಕಳಿಸಿದೆ. ಹೇಗೆ ಗೊತ್ತಾಯಿತು ಎಂದು ಮಾತ್ರ ಬರೆಯಲಿಲ್ಲ.